ಶಂಕ್ರಮ್ಮ ಮತ್ತು ಕೂಗುವ ಟ್ರಾಲಿ

ಶಂಕ್ರಮ್ಮ ದಿನದ ಮೊದಲ ಚಹಾವನ್ನು ಬಿಸಿಯಾಗಿ ಕುಡಿದವಳಲ್ಲ. ಹೈದರಾಬಾದಿನ ಉಪ್ಪಲ್ ದಾಟಿ, ಮೆಟ್ರೋ ಡಿಪೋದ ಉದ್ದನೆಯ ಗೋಡೆ ಮುಗಿದ ಮೇಲೆ ಬರುವ ಹೂಗಿಡಗಳ ನರ್ಸರಿಯಲ್ಲಿ ಅವಳ ಕೆಲಸ. ಬೆಳಿಗ್ಗೆ ಉಳಿದ ಹೆಂಗಸರು ಬೇವಿನ ಗಿಡದ ಕೆಳಗೆ ಕೂತು ಊದಿ ಊದಿ ಚಹಾ ಕುಡಿಯುವಾಗ ಅವಳು ಮಾತ್ರ ತನ್ನ ಲೋಟ ಹಿಡಿದುಕೊಂಡು ಕೆಮ್ಮಣ್ಣಿನ ಗುಡ್ಡೆಯ ಬಳಿ ಹೋಗಿ ನಿಲ್ಲುತ್ತಿದ್ದಳು. ಮಣ್ಣು ತುಂಬಿದ ಟ್ರ್ಯಾಕ್ಟರ್ ಬರಬೇಕು. ಡ್ರೈವರ್ ಯಾದಗಿರಿ ಅದನ್ನು ಹಿಂದಕ್ಕೆ ತಂದು ನಿಲ್ಲಿಸಿ ಲಿವರ್ ಎಳೆಯಬೇಕು. ಟ್ರಾಲಿಯ ಮುಂಭಾಗ ಮೆಲ್ಲಗೆ ಮೇಲೇಳಬೇಕು. ಆಗ ಅದು ಕೂಗುತ್ತಿತ್ತು. ಕೂಗಿ ಮುಗಿದು, ಮಣ್ಣು ಸುರಿದು, ಕೆಂಪು ಧೂಳು ಅಡಗಿದ ಮೇಲೆ ಅವಳು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಲೋಟ ತೊಳೆದಿಡುತ್ತಿದ್ದಳು. ಲಿಂಗಪೂಜೆ ಆಗದೆ ನೀರು ಮುಟ್ಟದ ಮನೆತನದವಳು. ಅದೇ ಶಿಸ್ತು ಇಲ್ಲಿಗೂ ಬಂದಿತ್ತು. ಮೈಯಲ್ಲಿ ಜ್ವರ ಇದ್ದ ದಿನವೂ ಅವಳು ಇದನ್ನು ತಪ್ಪಿಸಲಿಲ್ಲ.

ಆ ಕೂಗನ್ನು ಕೇಳದವರಿಗೆ ಹೇಗಿತ್ತು ಎಂದು ಹೇಳುವುದು ಕಷ್ಟ. ಮೊದಲು ಗಂಟಲಲ್ಲೇ ಸಿಕ್ಕಿಕೊಂಡಂತೆ ದಪ್ಪಗೆ ಹೊರಡುತ್ತಿತ್ತು. ಟ್ರಾಲಿ ಏರಿದಂತೆ ತಾನೂ ಏರಿ, ತೆಳ್ಳಗಾಗಿ, ಕೊನೆಗೆ ದಾರ ಎಳೆದು ಹರಿದಂತೆ ನಿಂತುಬಿಡುತ್ತಿತ್ತು. ನಿಂತ ಮೇಲೂ ಸ್ವಲ್ಪ ಹೊತ್ತು ಗಿಡಗಳ ಸಾಲಿನಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು.

ಆ ಟ್ರಾಲಿಯ ಕೆಳಗೇ ಅವಳ ಗಂಡ ಸೂಗಪ್ಪ ಸತ್ತದ್ದು.

ಸೂಗಪ್ಪ ಬೀದರ ಜಿಲ್ಲೆಯ ಔರಾದ ಕಡೆಯ ಹಳ್ಳಿಯವನು. ಮದುವೆಯಾದ ವರ್ಷವೇ ಹೆಂಡತಿಯನ್ನು ಕರೆದುಕೊಂಡು ಹೈದರಾಬಾದಿಗೆ ಬಂದ. ಮೊದಲು ಮೆಹದಿಪಟ್ಟಣಂನಲ್ಲಿ ಇಟ್ಟಿಗೆ ಹೊತ್ತರು. ಬಾಗಿಲು ಕಿಟಕಿ ಇಲ್ಲದ ಮನೆಗಳಲ್ಲಿ ಮಲಗಿ, ಬಾಗಿಲು ಕಿಟಕಿ ಬಂದ ಕೂಡಲೇ ಎದ್ದು ಮುಂದಿನ ಮನೆಗೆ ಹೋದರು. ಎಷ್ಟೋ ವರ್ಷ ಹಾಗೆ ಅಲೆದ ಮೇಲೆ ಈ ನರ್ಸರಿ ಸಿಕ್ಕಿತು. ಮಾಲಕ ವೈಜನಾಥನ ಅಜ್ಜ ಬೀದರಿನಿಂದ ಬಂದವನಂತೆ; ಅದಕ್ಕೇ ಅವನಿಗೆ ತನ್ನ ಕಡೆಯ ಮಾತಾಡುವ ಕೂಲಿಯವರ ಮೇಲೆ ಒಂದಿಷ್ಟು ಅಕ್ಕರೆ. ಗೋಡೆಗೆ ಹೊಂದಿಸಿ ತಗಡಿನ ಖೋಲಿ ಹಾಕಿಕೊಟ್ಟ. ಮಣ್ಣು ಜರಡಿ ಹಿಡಿದು ಸಾಣಿಸುವುದು, ಗೊಬ್ಬರ ಕಲಸುವುದು, ಕರಿ ಪ್ಲಾಸ್ಟಿಕ್ ಪಾಕೀಟಿಗೆ ತುಂಬಿ ಸಸಿ ಊರುವುದು ಶಂಕ್ರಮ್ಮನ ಪಾಲು. ಟ್ರಾಲಿಯ ಮೇಲಿನ ಕೆಲಸ ಸೂಗಪ್ಪನ ಪಾಲು.

ಮಾತು ಕಡಿಮೆಯ ಮನುಷ್ಯ. ಹೆಂಡತಿಯನ್ನು ಹೆಸರು ಹಿಡಿದು ಒಮ್ಮೆಯೂ ಕರೆದವನಲ್ಲ. ಅವಳೂ ಅವನ ಹೆಸರನ್ನು ಬಾಯಿಂದ ಆಡಿದವಳಲ್ಲ. ಬುತ್ತಿ ಬಿಚ್ಚುವ ಹೊತ್ತಾದರೆ ಅವನು ಗುಡ್ಡೆಯ ಮೇಲೆ ನಿಂತು 'ಏ...' ಎಂದು ಒಂದು ಕೂಗು ಹಾಕುತ್ತಿದ್ದ. ಹೊಲದಲ್ಲಿ ಕೂಗಿ ರೂಢಿಯಾದ ಗಂಟಲು. ದಪ್ಪಗೆ ಶುರುವಾಗಿ ತುದಿಯಲ್ಲಿ ತೆಳ್ಳಗೆ ಎಳೆಯುತ್ತಿತ್ತು. ನರ್ಸರಿಯಲ್ಲಿ ಎಷ್ಟು ಜನ ಹೆಂಗಸರಿದ್ದರೂ ಆ ಕೂಗಿಗೆ ಏಳುವವಳು ಒಬ್ಬಳೇ. "ಬಂದೆ" ಎಂದು ಅವಳು ಕೈ ಜಾಡಿಸಿಕೊಂಡು ಏಳುತ್ತಿದ್ದಳು.

ಹೋದ ಮಳೆಗಾಲದಲ್ಲಿ ಒಂದು ದಿನ ಮಣ್ಣು ಜಿಗುಟಾಗಿತ್ತು. ಟ್ರಾಲಿ ಪೂರ್ತಿ ಎದ್ದು ನಿಂತರೂ ಮಣ್ಣು ಮೂಲೆಗೆ ಕಚ್ಚಿಕೊಂಡು ಇಳಿಯಲಿಲ್ಲ. ಯಾದಗಿರಿ ಲಿವರ್ ಎಳೆದು ಹಿಡಿದೇ ಇದ್ದ. ಸೂಗಪ್ಪ ಸಲಿಕೆಯ ಹಿಡಿಯಿಂದ ತಗಡಿನ ತಳಕ್ಕೆ ಗುದ್ದಿ ಮಣ್ಣು ಸಡಿಲಿಸಲು ಕೆಳಗೆ ನುಗ್ಗಿದ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಎಣ್ಣೆಯ ಪೈಪು ಒಡೆಯಿತು. ಅಷ್ಟು ಭಾರವನ್ನು ಎತ್ತಿ ಹಿಡಿದಿದ್ದ ಎಣ್ಣೆ ಹೊರಗೆ ಚಿಮ್ಮಿತು. ಟ್ರಾಲಿ ಕೆಳಗೆ ಕೂತಿತು.

ಶಂಕ್ರಮ್ಮ ಆಗ ಗುಲಾಬಿ ಸಾಲಿನ ಆಚೆ ತುದಿಯಲ್ಲಿದ್ದಳು. ಅವಳಿಗೆ ಕೇಳಿಸಿದ್ದು ಧಪ್ ಎಂಬ ಒಂದು ಸದ್ದು ಮಾತ್ರ. ಗಂಡನ ದನಿ ಕೇಳಲಿಲ್ಲ. ಅವಳ ಎದೆಯಲ್ಲಿ ಮುರಿದು ಉಳಿದ ಮುಳ್ಳು ಅದೇ. ದಿನವೂ ಕರೆಯುತ್ತಿದ್ದವನು ಆವತ್ತು ಕರೆಯಲಿಲ್ಲ.

ಊರಿಗೆ ಒಯ್ದು, ಕೂಡಿಸಿ, ವಿಭೂತಿಗಟ್ಟಿಗಳನ್ನಿಟ್ಟು ಮಣ್ಣು ಮಾಡಿದರು. ಮಠದ ಅಯ್ಯನವರು ಅವಳ ತಲೆಯ ಮೇಲೆ ಕೈಯಿಟ್ಟು, "ಅಳಬಾರದವ್ವಾ. ಲಿಂಗದಾಗ ಕೂಡ್ಯಾನ. ಇನ್ನ ಅವಂದೇನೂ ಈ ಕಡಿ ಉಳದಿಲ್ಲ" ಎಂದರು. ಅವಳು ನಂಬಿದಳು. ಹುಟ್ಟಿದಾಗಿನಿಂದ ನಂಬಿದ್ದನ್ನು ಆ ಹೊತ್ತಿನಲ್ಲಿ ಬಿಡುವುದು ಹೇಗೆ? ಆ ನಂಬಿಕೆಯನ್ನೇ ಸೆರಗಿನಲ್ಲಿ ಕಟ್ಟಿಕೊಂಡು ನರ್ಸರಿಗೆ ತಿರುಗಿ ಬಂದಳು.

ಅಷ್ಟರಲ್ಲಿ ಪೈಪು ಹೊಸದಾಗಿತ್ತು. ಟ್ರಾಲಿ ತೊಳೆದು, ನಿಂಬೆಹಣ್ಣು ಕಟ್ಟಿ ಕೆಲಸಕ್ಕೆ ಬಿಟ್ಟಿದ್ದರು. ಅವಳು ಪಾಕೀಟಿಗೆ ಮಣ್ಣು ತುಂಬುತ್ತ ಬೆನ್ನು ತಿರುಗಿಸಿ ಕೂತಿದ್ದಳು. ಹಿಂದೆ ಟ್ರಾಲಿ ಎದ್ದಿತು. 'ಏ...' ಎಂದಿತು.

"ಬಂದೆ" ಎಂದಳು ಶಂಕ್ರಮ್ಮ. ಕೈ ಜಾಡಿಸಿಕೊಂಡು ಎದ್ದು ನಿಂತಳು.

ಯಾದಗಿರಿ ಟ್ರ್ಯಾಕ್ಟರಿನಿಂದ ಇಳಿದು ಗೇಟಿನ ಕಡೆ ನಡೆದೇಬಿಟ್ಟ. ಅವನನ್ನು ಕರೆತರಲು ವೈಜನಾಥನೇ ಹೋಗಬೇಕಾಯಿತು.

ಅಂದಿನಿಂದ ಟ್ರಾಲಿ ಎತ್ತಿದಾಗಲೆಲ್ಲ ಕೂಗುತ್ತಿತ್ತು. ಅದರ ನೆರಳಿನಲ್ಲಿ ಯಾರೂ ಬುತ್ತಿ ಬಿಚ್ಚುತ್ತಿರಲಿಲ್ಲ. ನರ್ಸರಿಯ ನಾಯಿ ಕೂಡ ಅದು ಏಳುವಾಗ ಬಾಲ ಮಡಚಿ ಕುಂಡಗಳ ಹಿಂದೆ ಸೇರುತ್ತಿತ್ತು. ಸತ್ತವನ ಸಂಗಡ ಟ್ರಾಲಿಯ ಮೇಲೆ ಕೆಲಸ ಮಾಡಿದವರು ಒಬ್ಬೊಬ್ಬರಾಗಿ ಬೇರೆ ಕೆಲಸ ಹುಡುಕಿಕೊಂಡರು. ಅಲ್ಲಿ ಮಣ್ಣು ಎಳೆಯಲು ಉಳಿದವಳು ಗಂಗಾ. ಆಳಂದ ಕಡೆಯ ಗಟ್ಟಿ ಹೆಂಗಸು, ಶಂಕ್ರಮ್ಮನ ಪಕ್ಕದ ಖೋಲಿಯವಳು. ದೆವ್ವ ಎಂದರೆ ಅವಳಿಗೆ ನಗು.

"ಬದುಕಿದ್ದಾಗ ದಿನಕ್ಕೊಮ್ಮೆ ಕರೀತಿದ್ದ ಮಹರಾಯ. ಈಗ ನೋಡು, ಟ್ರಿಪ್ಪಿಗೊಮ್ಮೆ ಕರೀತಾನ. ನನ್ನ ಗಂಡ ಹಂಗ ಕರದ್ರ ನಾ ಕಿವ್ಯಾಗ ಹತ್ತಿ ಇಟ್ಕೋತಿದ್ದೆ" ಎನ್ನುತ್ತಿದ್ದಳು.

"ಸುಮ್ನಿರ ಗಂಗಾ."

"ಸುಮ್ನ ಇರ್ತೀನಿ. ನೀ ಚಾ ಬಿಸಿ ಇದ್ದಾಗ ಕುಡಿ ಮೊದ್ಲ."

ಶಂಕ್ರಮ್ಮ ಕುಡಿಯುತ್ತಿರಲಿಲ್ಲ. ಕೂಗು ಕೇಳಿದಾಗ ಅವಳಿಗೆ ಆಗುತ್ತಿದ್ದುದು ಹೆದರಿಕೆಯಲ್ಲ, ಪೂರ್ತಿ ಸಮಾಧಾನವೂ ಅಲ್ಲ. ಬೆಳಗಿನ ಜಾವ ಅಂಗೈಯಲ್ಲಿ ಲಿಂಗ ಹಿಡಿದು ಕೂತಾಗ ಒಂದು ಪ್ರಶ್ನೆ ಎದ್ದು ಬರುತ್ತಿತ್ತು: ಲಿಂಗದಲ್ಲಿ ಕೂಡಿದವನು ತಗಡಿನ ಟ್ರಾಲಿಗೆ ಬಂದು ಯಾಕೆ ಕೂಗುತ್ತಾನೆ? ಕೂಗುವವನು ಅವನೇ ಆದರೆ ಅವನು ಕೂಡಿಲ್ಲ, ದಾರಿಯಲ್ಲೇ ಸಿಕ್ಕಿಕೊಂಡಿದ್ದಾನೆ. ಅವನಲ್ಲವಾದರೆ ತಾನು ದಿನಾ ಚಹಾ ಆರಿಸಿಕೊಂಡು ಕಾಯುವುದು ಯಾರನ್ನು? ಕಣ್ಣು ಮುಚ್ಚಿದರೂ ಪೂಜೆಯಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಲಿಂಗ ತಣ್ಣಗೆ ಅಂಗೈಯಲ್ಲಿರುತ್ತಿತ್ತು, ಕಿವಿ ಮಾತ್ರ ಟ್ರಾಲಿಯ ಕಡೆ ಇರುತ್ತಿತ್ತು.

ಬರಬರುತ್ತ ಆ ಕೂಗು ನರ್ಸರಿಯ ಗೋಡೆ ದಾಟಿತು. ಡಿಪೋದ ತಿರುವಿನಲ್ಲಿ ಮೆಟ್ರೋ ಗಾಲಿ ಕಿರುಗುಟ್ಟಿದರೆ ಅವಳ ತಲೆ ತಿರುಗುತ್ತಿತ್ತು. ಹಬ್ಬಕ್ಕೆ ಗಂಗಾಳ ಜೊತೆ ಸುಲ್ತಾನ್ ಬಜಾರಿಗೆ ಹೋದಾಗ ಯಾರೋ ಅಂಗಡಿಯ ಶಟರ್ ಎತ್ತಿದರು. ಅವಳು ಸೀರೆಗಳ ನಡುವೆ ನಿಂತಲ್ಲೇ "ಬಂದೆ" ಎಂದಳು. ಅಂಗಡಿಯವನು, "ಆಯಿಯೇ ಅಮ್ಮಾ, ಆಯಿಯೇ" ಎಂದು ಒಳಗೆ ಕರೆದ. ಗಂಗಾ ಆವತ್ತು ನಗಲಿಲ್ಲ.

ವೈಜನಾಥ ಮೆಕ್ಯಾನಿಕ್ ಗುರುಶಾಂತನನ್ನು ಚಳಿಗಾಲದಲ್ಲೇ ಕರೆಸಿದ್ದ. ಬಸವಕಲ್ಯಾಣದ ಕಡೆಯಿಂದ ಬಂದು ಉಪ್ಪಲ್‌ನಲ್ಲಿ ಶೆಡ್ ಹಾಕಿಕೊಂಡ ಗುರುಶಾಂತ ಟ್ರ್ಯಾಕ್ಟರಿನ ಎಣ್ಣೆ ಕೆಲಸದಲ್ಲಿ ಹೆಸರಾದವನು. ಎಣ್ಣೆಯ ಬಲದಿಂದ ಏಳುವುದು, ಇಳಿಯುವುದು ಏನೇ ಇದ್ದರೂ ರಿಪೇರಿ ಮಾಡುತ್ತಿದ್ದ. ಒಮ್ಮೆ ಟ್ರಾಲಿ ಎತ್ತಿಸಿ, ಕೂಗು ಕೇಳಿ, ಸೀಟಿನ ಹಿಂದಿದ್ದ ಲಿವರಿನ ಬುಡಕ್ಕೆ ಕೈಯಿಟ್ಟು ನೋಡಿದ.

"ರಿಲೀಫ್ ವಾಲ್ವ್ ಹೋಗೈತ್ರಿ ಮಾಲಕ್ರೆ. ಎಣ್ಣಿಗೆ ಅದು ಹಿಂಬಾಗಲ ಇದ್ದಂಗ. ಭಾರ ಹೆಚ್ಚಾದ್ರ ಬಾಗಲ ತಗದು ಎಣ್ಣಿ ಟ್ಯಾಂಕಿಗೆ ತಿರುಗಿ ಹೋಗಬೇಕು. ಇದರ ಬಾಗಲದ ಅಂಚು ತಿಂದೈತಿ. ಸಂದಿಯೊಳಗಿಂದ ಎಣ್ಣಿ ತಿಕ್ಕಾಡಿ ಹೊಂಡತೈತಲ್ಲ, ಅದs ಈ ಸಪ್ಪಳ."

ಹೆಂಗಸರೆಲ್ಲ ಶಂಕ್ರಮ್ಮನ ಮುಖ ನೋಡಿದರು. ಅವಳು ಸಾಣಿಗೆ ಹಿಡಿದುಕೊಂಡು ಹಾಗೇ ನಿಂತಿದ್ದಳು.

"ಕೂಗತೈತಿ ಅಂತ ನೀವು ಹೆದರ್ತೀರಿ," ಎಂದ ಗುರುಶಾಂತ. "ಕೂಗೂತನಕ ಫಿಕರ್ ಇಲ್ಲ, ಎಣ್ಣಿಗೆ ದಾರಿ ಐತಿ ಅಂತ ಅರ್ಥ. ಒಳಗಿನ ಮೊಳಿ ಸೊಟ್ಟ ಕುಂತು ಬಾಗಲ ಕಚ್ಚಿಕೊಂಡ್ತು ಅನ್ರಿ, ಆವತ್ತು ಕೂಗಂಗಿಲ್ಲ. ಆವತ್ತು ಹೆದರ್ರಿ. ಪೈಪ್ ಒಡೀತೈತಿ, ಮತ್ತ ಮೊದಲಿನಂಗ ಕೆಳಗ ಬೀಳತೈತಿ."

"ಹಂಗಾರ ಹೊಸದು ಹಾಕಿಬಿಡು ಇವತ್ತs," ಎಂದ ವೈಜನಾಥ.

ಗುರುಶಾಂತ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಅವನಿಗೆ ಒಂದು ಕಟ್ಟಳೆ ಇತ್ತು. ಕೆಲಸ ಕಲಿಸಿದ ಸೋದರಮಾವನಿಂದ ಬಂದದ್ದು. ಜೀವ ತೆಗೆದುಕೊಂಡ ಯಂತ್ರಕ್ಕೆ ಬೋಲ್ಟ್ ತಿರುಗಿಸುವ ಪಾನಾ ಹಚ್ಚುವ ಮೊದಲು ಸತ್ತವನ ಮನೆಯವರು ಬಂದು, ಅದರ ಮೇಲೆ ಕೈಯಿಟ್ಟು, ಸತ್ತವನ ಹೆಸರು ಹೇಳಿ 'ಬಿಟ್ಟೀನಿ' ಅನ್ನಬೇಕು. ಅಲ್ಲಿಯವರೆಗೆ ಅವನು ಒಂದು ಬೋಲ್ಟನ್ನೂ ಸಡಿಲಿಸುತ್ತಿರಲಿಲ್ಲ. ಇದನ್ನು ಅವನು ನಾಚಿಕೆಯಿಂದಲೇ ಹೇಳಿದ. ಹೇಳಿ ಶಂಕ್ರಮ್ಮನ ಕಡೆ ನೋಡಲಿಲ್ಲ.

ಶಂಕ್ರಮ್ಮ ಸಾಣಿಗೆಯನ್ನು ನೆಲಕ್ಕಿಟ್ಟು ಖೋಲಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಯುಗಾದಿಯ ನಂತರ ಗುರುಶಾಂತ ಇನ್ನೊಮ್ಮೆ ಬಂದ. ಆಗಲೂ ಅವಳು ಹೊರಗೆ ಬರಲಿಲ್ಲ. "ಇರ್ಲಿ ಬಿಡು, ಆಕಿ ಮನಸ್ಸು ಯಾಕ ನೋಯಿಸೂದು" ಎಂದ ವೈಜನಾಥ. ಬೇರೆ ಮೆಕ್ಯಾನಿಕ್ ಕರೆಸಿದರೆ ಯಾದಗಿರಿ ಗೇಟಿನಲ್ಲೇ ಕತೆ ಹೇಳಿ ತಿರುಗಿ ಕಳಿಸುತ್ತಿದ್ದ. ಹೀಗೆ ಎಲ್ಲರೂ ಅವಳ ಮೇಲಿನ ಕರುಣೆಯಿಂದಲೇ ಆ ಕೆಟ್ಟ ವಾಲ್ವನ್ನು ಅಲ್ಲೇ ಉಳಿಸಿಕೊಂಡರು. ಅವಳೂ ಉಳಿಸಿಕೊಂಡಳು. ಗುರುಶಾಂತ ಹೇಳಿದ್ದು ಸುಳ್ಳೆಂದು ಅವಳಿಗೆ ಅನ್ನಿಸಿರಲಿಲ್ಲ. ಸಂದಿಯಲ್ಲಿ ಎಣ್ಣೆ ತಿಕ್ಕಾಡುತ್ತದೆ, ನಿಜ. ಆದರೆ ಅದು ಆ ದನಿಯಲ್ಲೇ ಯಾಕೆ ತಿಕ್ಕಾಡಬೇಕು?

ಆಷಾಢದ ಬೋನಾಲ ಹಬ್ಬ ಬಂತು. ಮತ್ತೆ ಮಳೆ ಹಿಡಿಯಿತು. ಗಿಡ ಕೊಳ್ಳುವವರು ಕಾರುಗಳಲ್ಲಿ ಬರತೊಡಗಿದರು. ನರ್ಸರಿಗೆ ಮೂರು ಹೊತ್ತೂ ಮಣ್ಣು ಬೇಕು. ಒಂದು ಬೆಳಿಗ್ಗೆ ಎಂದಿನಂತೆ ಶಂಕ್ರಮ್ಮ ಲೋಟ ಹಿಡಿದು ಗುಡ್ಡೆಯ ಬಳಿ ನಿಂತಳು. ಯಾದಗಿರಿ ಹಿಂದಕ್ಕೆ ತಂದು ಲಿವರ್ ಎಳೆದ. ಟ್ರಾಲಿ ಎದ್ದಿತು.

ಕೂಗಲಿಲ್ಲ.

ಇಂಜಿನ್ನಿನ ಗುಡುಗುಡು ಬಿಟ್ಟರೆ ಸದ್ದಿಲ್ಲ. ಟ್ರಾಲಿ ಎಂದಿಗಿಂತ ಚುರುಕಾಗಿ, ನೆಟ್ಟಗೆ, ಬಾಯಿ ಬಿಗಿ ಹಿಡಿದವರಂತೆ ಮೇಲೇಳುತ್ತಿತ್ತು. 'ಹೋದ' ಎನ್ನುವುದು ಮೊದಲು ಬಂದ ಯೋಚನೆ. ಅದರ ಬೆನ್ನಿಗೇ ಇನ್ನೊಂದು ಬಂತು: ಆವತ್ತೂ ಹೀಗೇ ಕರೆದಿರಲಿಲ್ಲ.

ಒದ್ದೆ ಮಣ್ಣು ಮೂಲೆಗೆ ಕಚ್ಚಿಕೊಂಡಿತ್ತು. ಯಾದಗಿರಿ ಲಿವರ್ ಬಿಡಲಿಲ್ಲ. ಗಂಗಾ ಸೆರಗು ಸಿಕ್ಕಿಸಿಕೊಂಡು, ಒಂದು ಬಿದಿರಿನ ಗಳ ಹಿಡಿದು, ಎತ್ತಿದ ಟ್ರಾಲಿಯ ಕೆಳಗೆ ಬಗ್ಗಿದಳು.

ಶಂಕ್ರಮ್ಮನ ಬಾಯಿಂದ ಗಂಗಾಳ ಹೆಸರು ಬರಲಿಲ್ಲ. ಬಂದದ್ದು ಕೂಗು. 'ಏ...' ಎಂದು ದಪ್ಪಗೆ ಹೊರಟು, ಏರಿ, ತೆಳ್ಳಗಾಗಿ, ಕೊನೆಗೆ ಹರಿದುಹೋಯಿತು. ಲೋಟ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಗಂಗಾ ಬೆಚ್ಚಿ ಹಿಂದಕ್ಕೆ ಜಿಗಿದಳು. ಬೆನ್ನ ಹಿಂದಿನ ಕೆಸರಿನಲ್ಲಿ ಜಾರಿ ಕೂತಳು. ಪೈಪು ಒಡೆದು ಎಣ್ಣೆ ಕಾರಂಜಿಯಂತೆ ಚಿಮ್ಮಿತು. ಟ್ರಾಲಿ ಕೆಳಗೆ ಕೂತಿತು. ಬಿದಿರಿನ ಗಳ ಅದರಡಿಯಲ್ಲಿ ಚಟಚಟ ಎಂದು ಸೀಳಿತು.

ಯಾದಗಿರಿ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು, "ಅಮ್ಮಾ, ಅಮ್ಮಾ" ಎನ್ನುತ್ತಿದ್ದ. ಗಂಗಾ ಕೆಸರಿನಲ್ಲಿ ಕೂತಲ್ಲೇ ತನ್ನ ಎರಡೂ ಕಾಲುಗಳನ್ನು ಮುಟ್ಟಿ ನೋಡಿಕೊಂಡಳು. ಶಂಕ್ರಮ್ಮ ಹೋಗಿ ಅವಳ ಪಕ್ಕ ಕೂತಳು.

"ಟ್ರಾಲಿ ನನ್ನ ಹಿಂದ ನಿಂತು ಕೂಗ್ತಲ್ಲs ಯಕ್ಕಾ," ಎಂದಳು ಗಂಗಾ. ಅವಳ ತುಟಿ ಬಿಳಿಚಿಕೊಂಡಿತ್ತು. "ಮುಂದ ಇರೂ ಟ್ರಾಲಿ ಹಿಂದ ಹೆಂಗ ಕೂಗ್ತು ಅಂತ ತಿರುಗಿ ನೋಡಾಕ ಜಿಗದೆ. ಇಲ್ಲಂದ್ರ..."

ಶಂಕ್ರಮ್ಮ ಉತ್ತರ ಕೊಡಲು ಬಾಯಿ ತೆರೆದಳು. ದನಿ ಇರಲಿಲ್ಲ. ಗಂಟಲು ಒಡೆದುಹೋಗಿತ್ತು.

ಆ ದಿನವಿಡೀ ಅವಳು ಖೋಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮದುವೆಯಾದಂದಿನಿಂದ ಗಂಡನ ಮೇಲೆ ಬರದಷ್ಟು ಸಿಟ್ಟು ಬಂದಿತ್ತು. ದಿನಾ ಕರೆದೆಯಲ್ಲ, ಸುಮ್ಮನೆ ನಿಂತು ಕೇಳುವುದಕ್ಕೆ ಕರೆದೆಯಲ್ಲ. ಒಬ್ಬಳ ಜೀವ ಹೋಗುವ ಹೊತ್ತಿಗೆ ಬಾಯಿ ಮುಚ್ಚಿಕೊಂಡೆಯಾ? ಹೀಗೆ ಮನಸ್ಸಿನಲ್ಲೇ ಬೈದಳು. ಬೈದು ಬೈದು ಸುಸ್ತಾದ ಮೇಲೆ ಒಂದು ಮಾತು ಉಳಿಯಿತು. ಇಂದು ಕೂಗಿದ್ದು ತಾನು. ಅವನ ದನಿ ಎಂದು ಇಷ್ಟು ದಿನ ಕಾದದ್ದು ತನ್ನ ಗಂಟಲಲ್ಲೇ ಇತ್ತು. ಹಾಗಾದರೆ ಟ್ರಾಲಿಯಲ್ಲಿ ಇದ್ದದ್ದು ಏನು? ಅದು ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ತಾನು 'ಬಿಟ್ಟೀನಿ' ಅನ್ನದೆ ಇದ್ದದ್ದರಿಂದ ಗಂಗಾ ಆ ತಗಡಿನ ಕೆಳಗೆ ಬಗ್ಗಿದಳು.

ಮರುದಿನ ವೈಜನಾಥನೇ ಖೋಲಿಯ ಮುಂದೆ ಬಂದು ನಿಂತ. ರಾತ್ರಿ ನಿದ್ದೆ ಮಾಡಿದವನಂತೆ ಕಾಣಲಿಲ್ಲ.

"ಟ್ರಾಲಿ ಮಾರಿಬಿಡ್ತೀನಿ ಶಂಕ್ರಮ್ಮ. ಘಟಕೇಸರದ ಕಡಿ ಒಬ್ಬಾಂವ ಕೇಳ್ಯಾನ. ಇವತ್ತs ಒಯ್ಯಲಿ. ನಿನ್ನ ಕಣ್ಣಿಗೂ ಬ್ಯಾಡ, ನನ್ನ ಕಣ್ಣಿಗೂ ಬ್ಯಾಡ."

ಅವಳ ದನಿ ಇನ್ನೂ ಒರಟಾಗಿತ್ತು. "ಅಲ್ಲಿ ಅದರ ಕೆಳಗ ಯಾರು ಬಗ್ತಾರ್ರಿ?"

ವೈಜನಾಥ ಟ್ರಾಲಿಯ ಕಡೆ ತಿರುಗಿ ನೋಡಿದ.

"ಗುರುಶಾಂತನ್ನ ಕರಸ್ರಿ," ಎಂದಳು.

ಗುರುಶಾಂತ ಬಂದಾಗ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಟ್ರ್ಯಾಕ್ಟರನ್ನು ಗಟ್ಟಿ ನೆಲದ ಮೇಲೆ ತಂದು ನಿಲ್ಲಿಸಿದ್ದರು. ಟ್ರಾಲಿ ಇಳಿದಿತ್ತು, ಇಂಜಿನ್ ಬಂದಾಗಿತ್ತು. ಅವನು ಲಿವರನ್ನು ಹಿಂದೆ ಮುಂದೆ ಆಡಿಸಿ ಒಳಗೆ ಉಳಿದ ಒತ್ತಡ ಬಿಡಿಸಿದ. ಆಮೇಲೆ ಬದಿಗೆ ಸರಿದು ನಿಂತ.

ಶಂಕ್ರಮ್ಮ ಸ್ನಾನ ಮಾಡಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದಿದ್ದಳು. ಟ್ರಾಲಿಯ ಅಂಚಿನ ಮೇಲೆ ಅಂಗೈಯಿಟ್ಟಳು. ಬಿಸಿಲಿಗೆ ತಗಡು ಕಾದಿತ್ತು. ಕೈ ತೆಗೆಯಲಿಲ್ಲ.

"ಹೆಸರು ಹೇಳಬೇಕ್ರಿ," ಎಂದ ಗುರುಶಾಂತ ಮೆಲ್ಲಗೆ.

"ಗೊತ್ತೈತಿ."

ಗಂಗಾ ಹಿಂದಿನಿಂದ, "ಆಕಿ ಗಂಡನ ಹೆಸರು ಹೇಳ್ಯಾಳೇನ್ ಎಂದಾದ್ರೂ? ರೇಶನ್ ಕಾರ್ಡಿನವರು ಕೇಳಿದ್ರೂ ನನ್ನ ಕಡೆ ಬೊಟ್ಟು ಮಾಡಿ ತೋರ್ಸ್ತಿದ್ಲು, ನೀ ಹೇಳು ಅಂತ" ಎಂದಳು. ಯಾರೋ ಕಿಸಕ್ಕೆಂದರು. ಶಂಕ್ರಮ್ಮನ ಮುಖದಲ್ಲೂ ಒಂದು ಕ್ಷಣ ನಗು ಬಂದು ಹೋಯಿತು. ಆ ನಗುವಿನ ಬೆನ್ನಿಗೇ ಅವಳು ಹೇಳಿಬಿಟ್ಟಳು.

"ಸೂಗಪ್ಪ. ಸೂಗಪ್ಪನ್ನ ಬಿಟ್ಟೀನಿ."

ಗಾಳಿ ಇರಲಿಲ್ಲ. ಕಟ್ಟಿದ್ದ ನಿಂಬೆಹಣ್ಣು ಒಣಗಿ ಕಪ್ಪಾಗಿ ಅಲ್ಲಾಡದೆ ನಿಂತಿತ್ತು. ಗುರುಶಾಂತ ಕೈ ಮುಗಿದು, ಡೀಸೆಲ್ ಬಟ್ಟೆಯಿಂದ ವಾಲ್ವಿನ ಸುತ್ತಲಿನ ಕೊಳೆ ಒರೆಸಿ, ಪಾನಾ ಹಚ್ಚಿದ. ಬಿರಡೆ ಬಿಗಿಯಾಗಿತ್ತು. ಅದು ಕದಲಿದಾಗ ಒಳಗೆ ಸಿಕ್ಕಿದ್ದ ಗಾಳಿ 'ಉಸ್' ಎಂದು ಹೊರಬಿತ್ತು. ಥೇಟ್ ಹೊರೆ ಇಳಿಸಿದ ಮನುಷ್ಯನ ಉಸಿರು. ಸುತ್ತ ನಿಂತವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಗುರುಶಾಂತನೂ ಕೈ ತಡೆದು ನಿಂತ. ಶಂಕ್ರಮ್ಮ ಮಾತ್ರ ನಿಂತಲ್ಲಿಂದ ಅಲ್ಲಾಡಲಿಲ್ಲ. ಎಣ್ಣೆ ಎರಡು ಹನಿ ಜಿನುಗಿ ನಿಂತಿತು.

ಅವನು ಸ್ಪ್ರಿಂಗ್ ಹೊರತೆಗೆದ. ಅದರ ಹಿಂದೆ ಬೆರಳ ತುದಿಯಷ್ಟು ದೊಡ್ಡ ಉಕ್ಕಿನ ಮೊಳೆ ಬಂತು. ಅದರ ಚೂಪಿನ ಒಂದು ಬದಿ ಇಲಿ ತಿಂದಂತೆ ಸವೆದಿತ್ತು. ಅಂಗೈಯಲ್ಲಿಟ್ಟು ಶಂಕ್ರಮ್ಮನಿಗೆ ತೋರಿಸಿದ.

"ಇಷ್ಟೇನು?" ಎಂದಳು ಅವಳು.

"ಇಷ್ಟs ರಿ. ಇದು ನೆಟ್ಟಗ ಕುಂತ್ರ ಒಂದು ಸಪ್ಪಳ, ಸೊಟ್ಟ ಕುಂತ್ರ ಒಂದು ಸಪ್ಪಳ. ಕಚ್ಚಿ ಕುಂತ್ರ ಸಪ್ಪಳs ಇಲ್ಲ."

ಅವಳು ಅದನ್ನು ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದಳು. ಅಷ್ಟು ಸಣ್ಣ ವಸ್ತುವಿನಲ್ಲಿ ಒಬ್ಬ ಮನುಷ್ಯ ಹೇಗೆ ಇರಲು ಸಾಧ್ಯ ಎಂದು ನೋಡಿದಳೋ, ಇಷ್ಟು ದಿನ ಹೇಗೆ ಇದ್ದ ಎಂದು ನೋಡಿದಳೋ, ಅವಳಿಗೇ ಗೊತ್ತು.

ಹೊಸ ವಾಲ್ವಿಗೆ ರಬ್ಬರಿನ ಬಳೆ ತೊಡಿಸಿ, ಅದಕ್ಕೆ ಎಣ್ಣೆ ಸವರಿ, ಗುರುಶಾಂತ ಮೊದಲು ಬರಿಗೈಯಿಂದಲೇ ತಿರುಗಿಸಿ ಕೂರಿಸಿದ. ಆಮೇಲೆ ಪಾನಾದಿಂದ ಬಿಗಿದ. ಪೈಪನ್ನೂ ಹೊಸದಾಗಿ ಜೋಡಿಸಿದ. ಒತ್ತಡ ತೋರಿಸುವ ಗಡಿಯಾರದಂಥ ಮುಳ್ಳಿನ ಡಬ್ಬಿಯೊಂದನ್ನು ಸಿಕ್ಕಿಸಿ, ಯಾದಗಿರಿಗೆ ಕೈ ಮಾಡಿದ. "ಯಾರೂ ಹಿಂದ ಬರಬ್ಯಾಡ್ರಿ. ಕೆಳಗಂತೂ ಜಲ್ಮದಾಗ ಹೋಗಬ್ಯಾಡ್ರಿ. ಹೊಸ ವಾಲ್ವ್ ಐತಿ ಅಂತ ಧೈರ್ಯಾ ಮಾಡೂದಲ್ಲ."

ಟ್ರಾಲಿ ಏಳತೊಡಗಿತು. ಎಲ್ಲರ ಕಣ್ಣು ಟ್ರಾಲಿಯ ಮೇಲಿದ್ದರೆ ಗಂಗಾಳ ಕಣ್ಣು ಶಂಕ್ರಮ್ಮನ ಮೇಲಿತ್ತು. ಸದ್ದಿಲ್ಲದೆ ಏರಿತು. ಮೇಲಿನ ತುದಿ ಮುಟ್ಟಿತು. ಗುರುಶಾಂತ ಬೆರಳೆತ್ತಿ ಲಿವರನ್ನು ಹಾಗೇ ಹಿಡಿಸಿದ. ಮುಳ್ಳು ಮೇಲೆ ಹೋಗಿ ನಡುಗುತ್ತ ನಿಂತಿತು, ಎಣ್ಣೆ ಹಿಂದಕ್ಕೆ ಹರಿಯುವ ಸಣ್ಣ ಸರಸರ ಕೇಳಿತು. ತುಂಬಿದ ಮನೆಯಲ್ಲಿ ಯಾರೋ ಸೀರೆ ಸರಿಪಡಿಸಿಕೊಂಡು ದಾಟಿ ಹೋದಂತೆ. ಅದು ಯಾರ ದನಿಯೂ ಆಗಿರಲಿಲ್ಲ. ಅವನು ತಿರುಪನ್ನು ಒಂದಿಷ್ಟು ಸಡಿಲಿಸಿ, ಮತ್ತೆ ನೋಡಿ, ಮೇಲಿನ ನಟ್ಟು ಬಿಗಿದ.

"ಬರೋಬರಿ ಆತು," ಎಂದ.

ಜನ ಚದುರಿದರು. ಯಾದಗಿರಿ ಮಣ್ಣು ತರಲು ಹೊರಟ. ಶಂಕ್ರಮ್ಮ ಗುಡ್ಡೆಯ ಬಳಿಯ ಕಲ್ಲಿನ ಮೇಲೆ ಕೂತಿದ್ದಳು. ಕಿವಿಯಲ್ಲಿ ಏನೋ ತುಂಬಿಕೊಂಡಂತೆ, ಏನೋ ಖಾಲಿಯಾದಂತೆ. ನೀರು ಹೊಡೆಯುವ ಪೈಪಿನ ಸದ್ದು, ಗೇಟಿನಲ್ಲಿ ಯಾರೋ ದಾಸವಾಳದ ಬೆಲೆ ಕೇಳುವುದು, ದೂರದ ಹಾರ್ನು, ಎಲ್ಲವೂ ಬೇರೆ ಬೇರೆಯಾಗಿ ಕೇಳಿಸುತ್ತಿದ್ದವು. ಬಹಳ ದಿನದ ಮೇಲೆ ಅವು ಬರಿ ಸದ್ದುಗಳಾಗಿದ್ದವು.

ಗುರುಶಾಂತ ಕೈ ಒರೆಸಿಕೊಳ್ಳುತ್ತ ಬಂದು ಅವಳಿಗೆ ಸ್ವಲ್ಪ ದೂರದಲ್ಲಿ ಕುಕ್ಕುರುಗಾಲಲ್ಲಿ ಕೂತ.

"ಯವ್ವಾ, ಒಂದು ಮಾತು. ಹ್ವಾದ ಸಲ ಬಂದಾಗ ನಾ ಇದರ ಸಪ್ಪಳ ಫೋನಿನ್ಯಾಗ ಹಿಡಕೊಂಡಿದ್ದೆ. ರೋಗ ಏನಂತ ಶೆಡ್ಡಿನ್ಯಾಗ ಕುಂತು ಕೇಳಾಕ ಬೇಕಿತ್ತು. ಇನ್ನೂ ಐತಿ." ಅಂಗಿಯ ಜೇಬಿನಿಂದ ಫೋನು ತೆಗೆದ. "ನಿಮ್ಮ ಫೋನಿಗೆ ಹಾಕಿ ಕೊಡ್ತೀನಿ. ಬೇಕಾದಾಗ ಕೇಳ್ಕೋಬಹುದು. ಯಾರಿಗೂ ತ್ರಾಸ ಇಲ್ಲ. ಯಾರ ಜೀವಕ್ಕೂ ಏನೂ ಆಗಂಗಿಲ್ಲ."

ಶಂಕ್ರಮ್ಮ ಫೋನಿನ ಕಡೆ ನೋಡಿದಳು. ಗಾಜಿನ ಮೇಲೆ ಅವನ ಎಣ್ಣೆಯ ಬೆರಳಿನ ಗುರುತು ಇತ್ತು. ಅವಳ ಕೈ ತಾನಾಗಿಯೇ ಸೊಂಟದ ಸಂಚಿಯ ಕಡೆ ಹೋಯಿತು. ಅವಳ ಫೋನು ಅಲ್ಲೇ ಇತ್ತು. ಸಂಚಿಯ ದಾರದ ಗಂಟಿನ ಮೇಲೆ ಬೆರಳು ನಿಂತವು. ಗಂಟು ಬಿಚ್ಚಲಿಲ್ಲ.

"ನೀವು ಭಾಳ ಚಲೋ ಮನಸ್ಸಿನವರು," ಎಂದಳು ಕೊನೆಗೆ. "ಆದ್ರ ಬ್ಯಾಡ್ರಿ."

"ಒಂದ್ಸಲ ಕೇಳಿ ನೋಡ್ರಿ ಬೇಕಾರ..."

"ಅದರಾಗ ಅಂವ ಅದಾನಂದ್ರ, ಬಿಟ್ಟೀನಿ ಅಂತ ಎಲ್ಲಾರ ಮುಂದ ಹೇಳಿ, ಹಿಂದಿಂದ ಹಿಡದು ಸಂಚ್ಯಾಗ ಕಟ್ಟಿಕೊಂಡಂಗ ಆಗತೈತಿ. ಅಂವ ಇಲ್ಲಂದ್ರ ಅದು ಬರೇ ಎಣ್ಣಿ ಸಪ್ಪಳ. ಎಣ್ಣಿ ಸಪ್ಪಳ ಮನಿಗೆ ಒಯ್ದು ನಾ ಏನು ಮಾಡ್ಲಿ?"

ಗುರುಶಾಂತ ತಲೆ ತಗ್ಗಿಸಿದ. "ಹಂಗಾರ ಅಳಿಸ್ಲೇನು?"

"ಅದು ನಿಮ್ಮ ಕೆಲಸದ್ದು, ನಿಮಗ ಬೇಕಾದ್ರ ಇಟ್ಕೋರಿ," ಎಂದಳು ಶಂಕ್ರಮ್ಮ. "ನನ್ನ ಮುಂದ ಮಾತ್ರ ಹಚ್ಚಬ್ಯಾಡ್ರಿ."